ಆಡು ತಿಂದ ಹಾದಿ

"ಶಿವವ್ವಾ, ಒಣಹಾಕಿದ ಜ್ವಾಳಾ ಒಳಗ ತಗೋ. ಒಡ್ಡಿನ ಬಾಜೂಕ ಬ್ಯಾಡ್ರು ಬಂದ ಇಳದಾರ!"

ಧುಪದಾಳದ ಶಿವವ್ವ ಆ ಬೇಡರ ಸುದ್ದಿಯನ್ನು ಮೊದಲು ಕೇಳಿದ್ದು ಹೀಗೆ, ಅತ್ತೆ ಯಮನವ್ವನ ಬಾಯಿಂದ. ಊರೂರನ್ನೇ ಬರಿದು ಮಾಡಿದ ದೊಡ್ಡ ಜ್ವರ ಬರುವ ಹಿಂದಿನ ವರ್ಷ ಅದು. ಜೋಳ ಒಳಗೆ ಹೋಗುವ ಮುನ್ನವೇ ಆ ಬಿಡಾರದ ಕಾಡವ್ವ ಬಾಗಿಲಿಗೆ ಬಂದಳು. ಬಗಲಲ್ಲಿ ಕೂಸು, ಹಿಂದೆ ಸೆರಗು ಹಿಡಿದ ಇಬ್ಬರು ಮಕ್ಕಳು, ತಲೆಯ ಮೇಲೆ ಕಟ್ಟಿಗೆಯ ಹೊರೆ.

"ಹೆದರಬ್ಯಾಡ್ರಿ ಅವ್ವಾರ, ಕದಿಯಾಕ ಕೈ ಎಲ್ಲಿ ಖಾಲಿ ಅದಾವು?"

ಶಿವವ್ವನಿಗೆ ನಗು ಬಂತು. ಅಂದಿನಿಂದ ಅವಳ ಕಟ್ಟಿಗೆ, ಇವರ ಜೋಳ.

ಕಾಡವ್ವನ ಮಂದಿ ಹುಕ್ಕೇರಿ ಕಡೆಯ ಗುಡ್ಡದಲ್ಲಿ ಬೇಟೆ, ಜೇನು ಎಂದು ಬದುಕಿದ್ದವರು. ಸರಕಾರ ಗುಡ್ಡಕ್ಕೆ ಗಡಿಕಲ್ಲು ನೆಟ್ಟಿತು. ಒಳಗೆ ಕಾಲಿಟ್ಟವರ ಕೊಡಲಿ ಕಸಿದು ಬಲೆ ಸುಟ್ಟರು. ಬಸುರಿ ಕಾಡವ್ವನನ್ನು ಬಿಟ್ಟು ಗಂಡ ಲಕ್ಕಪ್ಪ ಘಟ್ಟದ ಕೆಳಗೆ ಮರ ಕಡಿಯಲು ಹೋದ. ಅವನು ಮರಳುವ ಮುನ್ನ ಹಸಿವು ಉಳಿದವರನ್ನೂ ಎಬ್ಬಿಸಿ ಧುಪದಾಳದ ಒಡ್ಡಿನ ಕಲ್ಲುಕೆಲಸಕ್ಕೆ ತಂದಿತು. ಬಿಡಾರ ಕಿತ್ತರೆ ಕವಲುದಾರಿಯಲ್ಲಿ ಬೇವಿನ ಟೊಂಗೆ ಮಲಗಿಸಿ ಕಲ್ಲು ಹೇರುವುದು ಅವರ ಪದ್ಧತಿ. ತುದಿ ಯಾವ ಕಡೆಗಿದೆಯೋ ಅತ್ತ ಹೋಗಿದ್ದಾರೆಂದು ಹಿಂದೆ ಬರುವವನು ತಿಳಿಯಬೇಕು. ಕಾಡವ್ವ ಧುಪದಾಳದ ಕಡೆಗೆ ತುದಿ ಮಾಡಿಟ್ಟು ಬಂದಿದ್ದಳು. ಗುಡ್ಡದಲ್ಲಿ ಆ ಗುರುತನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಯಲಿನ ಹಾದಿಗೆ ಆಡು ಬರುತ್ತವೆಂಬುದು ಅವಳಿಗೆ ಹೊಳೆಯಲಿಲ್ಲ.

ಒಂದು ದಿನ ಅವಳು ಹೊರೆ ತಂದಾಗ ಕುರುಬರ ಶಿದ್ರಾಮ ಶಿವವ್ವನ ಕಟ್ಟೆಯ ಮೇಲೆ ಹರಟುತ್ತಿದ್ದ.

"ಮೊನ್ನೆ ಕವಲಿನ್ಯಾಗ ಒಬ್ಬಾಂವ ಕಲ್ಲ ಎತ್ತೆತ್ತಿ ನೋಡಾಕತ್ತಿದ್ದ. ಏನ್ ಕಳಕೊಂಡೀಪಾ ಅಂದ್ರ ಟೊಂಗಿ ಅಂತಾನ! ಅದನ್ನ ನಮ್ಮ ಆಡು ಎಂದೋ ತಿಂದಾವು ಅಂದೆ. ಗೋಕಾಕದ ಹಾದಿ ಹಿಡದ ಹ್ವಾದ."

"ಹಣಿಮ್ಯಾಲ ಗಾಯದ ಕಲಿ ಇತ್ತೇನ್ರಿ?" ಎಂದಳು ಕಾಡವ್ವ.

"ಹೂಂ, ಇತ್ತ. ಯಾಕವಾ?"

ಹೊರೆ ಅಲ್ಲೇ ಬಿತ್ತು. ಕೂಸನ್ನು ಬಗಲಲ್ಲಿಟ್ಟುಕೊಂಡೇ ಮಳೆಯಲ್ಲಿ ಗೋಕಾಕಕ್ಕೆ ಓಡಿದಳು. ಗಂಡ ಸಿಗಲಿಲ್ಲ. ನೆನೆದ ಕೂಸಿಗೆ ಜ್ವರ ಏರಿತು. ಒಡ್ಡಿನ ಆಚೆ ಅದನ್ನು ಮಣ್ಣು ಮಾಡಿದರು.

ವಾರ ಕಳೆಯುವುದರಲ್ಲಿ ಒಡ್ಡಿನ ಕಲ್ಲುಕೆಲಸವೂ ಮುಗಿಯಿತು. ಬಿಡಾರ ಕೊಲ್ಲಾಪುರದ ಕಡೆ ಕಬ್ಬು ಕಡಿಯಲು ಹೊರಟಿತು.

"ನೀ ಇಲ್ಲೇ ಇರ ಕಾಡವ್ವಾ, ಅಂವಾ ಹುಡಿಕ್ಕೊಂತ ಬಂದಾನು," ಎಂದಳು ಶಿವವ್ವ.

"ಇದ್ರ ಉಳದ ಎರಡಕ್ಕ ಏನ್ ತಿನ್ನಸ್ಲಿರಿ? ನಿಮ್ಮನಿ ಕಟ್ಟಿಗ್ಯಾಗ ಮೂರು ಹೊಟ್ಟಿ ತುಂಬ್ತಾವೇನ್ರಿ?"

ಶಿವವ್ವ ಅತ್ತೆಯ ಮುಖ ನೋಡಿದಳು. ಅತ್ತೆ ಒಳಗೆ ಹೋದಳು.

ಕಾಡವ್ವ ಹೊಸ್ತಿಲಾಚೆ ನಿಂತೇ ಸೆರಗು ಬಾಯಿಗೆ ಒತ್ತಿಕೊಂಡಳು.

"ಅಂವಾ ಬಂದ್ರ ಕೊಲ್ಲಾಪುರದ ಕಡೆ ಹೋಗ್ಯಾರಂತ ಹೇಳ್ರಿ, ಅವ್ವಾರ. ಕೂಸು ಹ್ವಾತಂತ ಮಾತ್ರ ಹೇಳಬ್ಯಾಡ್ರಿ. ಇನ್ನೂ ಅದರ ಮಾರಿ ಕಂಡಿಲ್ಲ ಅಂವಾ. ಅದನ್ನ ನೋಡೂ ಆಸೀಗಾದ್ರೂ ಅಲ್ಲೀತನಕ ನಡದಾನು."