ಮಂದ್ರದ ಪಿಟೀಲು

ಕೊಟ್ಟ ಮಾತನ್ನು ಹಿಂತೆಗೆಯದವಳು. ಹಿರಿಯರು ಕೈಹಿಡಿದು ಕಲಿಸಿದ್ದನ್ನು ಹಗುರಾಗಿ ಕಾಣದವಳು. ಹೊಗಳಿಕೆಗೆ ಹಿಗ್ಗದವಳು, ಗೇಲಿಗೆ ಕುಗ್ಗದವಳು. ಕಡಲಗಾಳಿಗೆ ಬೆನ್ನು ತೋರದವಳು. ಭಾನುವಾರದ ಪೂಜೆಗೆ ತಪ್ಪದವಳು, ಪಾದ್ರಿಗಳೇ ತಪ್ಪಿದರೂ ಹೇಳದೆ ಬಿಡದವಳು. ತಮ್ಮನ ಪಾಲಿಗೆ ಅರ್ಧ ತಾಯಿ, ಅರ್ಧ ಎದುರಾಳಿ. ಇಂಥವಳೊಬ್ಬಳು ಡೊನೆಗಲ್ ಸೀಮೆಯ ಪಡುವಣ ಅಂಚಿನ ಗ್ಲೆನಾಲ್ಟ ಕಣಿವೆಯಲ್ಲಿದ್ದಾಳೆ. ಹೆಸರು ಊನಾ ಮೆಕ್‌ನೆಲಿಸ್.

ಹಗಲೆಲ್ಲ ಬಂದರಿನ ಕಾರ್ಖಾನೆಯಲ್ಲಿ ಬಂಗುಡೆ ಮೀನು ಸೀಳುವ ಕೈ ಅವಳದು. ಸಂಜೆ ಆ ಕೈಯನ್ನು ಬಿಸಿನೀರಿನಲ್ಲಿ ಅದ್ದಿ, ಬೆರಳುಗಳಿಗೆ ಜೀವ ಬಂದ ಮೇಲೆ ಪಿಟೀಲು ಎತ್ತಿಕೊಳ್ಳುತ್ತಾಳೆ. ಎದುರಿಗೆ ಇನ್ನೂ ಶಾಲೆಗೆ ಹೋಗುವ ತಮ್ಮ ಫೀಲಿಮ್, ಅವನ ಕೈಯಲ್ಲೂ ಪಿಟೀಲು. ಇಬ್ಬರಿಗೂ ಕಲಿಸಿದವಳು ಅವರ ಅಜ್ಜಿಯ ತಂಗಿ ಬಿಡ್ಡಿ. ಗಂಟುಕಟ್ಟಿದ ಬೆರಳುಗಳಿಂದಾಗಿ ಬಿಡ್ಡಿ ಈಗ ನುಡಿಸಲಾರಳು. ಒಲೆಯ ಪಕ್ಕ ಕುಳಿತು ಊರುಗೋಲಿನಿಂದ ತಾಳ ಹಾಕುತ್ತಾಳೆ.

ಆ ಕಣಿವೆಯ ಜೋಡಿ ವಾದನಕ್ಕೆ ಒಂದು ಕಟ್ಟಳೆಯಿದೆ. ಒಬ್ಬರು ಮಟ್ಟನ್ನು ಮೇಲಿನ ಸ್ಥಾಯಿಯಲ್ಲಿ ನುಡಿಸಿದರೆ, ಇನ್ನೊಬ್ಬರು ಅದೇ ಮಟ್ಟನ್ನು, ಒಂದು ಸ್ವರವನ್ನೂ ಬಿಡದೆ, ಮಂದ್ರಕ್ಕಿಳಿಸಿ ದಪ್ಪ ತಂತಿಗಳ ಮೇಲೆ ನುಡಿಸಬೇಕು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಅಡುಗೆಮನೆಯ ಕಲ್ಲುಹಾಸಿನ ಮೇಲೆ ಊರೇ ಕುಣಿಯುತ್ತಿದ್ದಾಗ, ಹಿಂಬಾಗಿಲಲ್ಲಿ ನಿಂತವನ ಪಾದಕ್ಕೂ ತಾಳ ಮುಟ್ಟುತ್ತಿದ್ದುದು ಆ ಎರಡನೆಯ ಪಿಟೀಲಿನಿಂದ. ಮೇಲಿನದು ಬಿಡ್ಡಿಯದಾಗಿತ್ತು, ಮಂದ್ರದ್ದು ಅವಳಕ್ಕ ರೋಸ್‌ಳದು, ಎಂದರೆ ಈ ಮಕ್ಕಳ ಅಜ್ಜಿಯದು. ರೋಸ್ ತೀರಿಕೊಂಡ ಮೇಲೆ ಆ ಪಾಲು ಫೀಲಿಮ್‌ಗೆ ಬಂದಿತ್ತು. ಕಣಿವೆಯಲ್ಲಿ ಇನ್ನಾರಿಗೂ ಅದು ಬರುತ್ತಿರಲಿಲ್ಲ.

ಹಿಂದಿನ ವರ್ಷ ಜಿಲ್ಲಾ ಸ್ಪರ್ಧೆಯಲ್ಲಿ ಅವರು ಸೋತದ್ದು ಆ ಮಂದ್ರದ ಪಾಲಿನ ಕಾರಣಕ್ಕೇ. ಜೋಡಿ ಪಿಟೀಲುಗಳು ಒಂದೇ ಸ್ಥಾಯಿಯಲ್ಲಿರಬೇಕೆಂಬುದು ಅಲ್ಲಿಯ ತೀರ್ಪುಗಾರರ ಮತ. ಈ ವರ್ಷ ಗೆದ್ದರೆ ದೇಶದ ದೊಡ್ಡ ಕೂಟಕ್ಕೆ ಹೋಗಬಹುದಿತ್ತು. ಫೀಲಿಮ್ ಒಂದು ಸಂಜೆ ಕಮಾನನ್ನು ಮೇಜಿನ ಮೇಲಿಟ್ಟುಬಿಟ್ಟ.

"ಇನ್ನು ಕೆಳಗಿಂದು ನುಡಿಸಲ್ಲ ನಾನು. ಇಬ್ರೂ ಮೇಲೇ ನುಡಿಸೋಣ."

"ಯಾಕಂತೆ?" ಎಂದಳು ಊನಾ.

"ನನ್ನದು ಯಾರಿಗೂ ಕೇಳಲ್ಲ ಕಣೇ. ಹೋದ್ಸಲ ಅಂಚೆಯ ಮ್ಯಾನಸ್ ಏನಂದ ಗೊತ್ತಾ? ನಿಮ್ಮಕ್ಕ ಚೆನ್ನಾಗಿ ನುಡಿಸಿದ್ಳಪ್ಪಾ, ನೀನು ಪಕ್ಕದಲ್ಲಿ ಕೂತು ಯಾವ ಮರ ಕುಯ್ತಾ ಇದ್ದೆ ಅಂದ."

ಬಿಡ್ಡಿ ನಕ್ಕಳು. "ನಮ್ಮ ರೋಸ್‌ಗೂ ಹಂಗೇ ಅಂತಿದ್ರು. ಅವಳು ಹೋದ್ಮೇಲೆ ಒಂದು ಮದುವೇಲಿ ನಾನೊಬ್ಳೇ ನುಡಿಸ್ದೆ. ಕುಣಿಯೋರೆಲ್ಲ ಕತ್ತಲೇಲಿ ಮೆಟ್ಲು ಹುಡುಕೋರ ಥರ ಕಾಲಾಡಿಸಿದ್ರು."

"ಅದೆಲ್ಲ ನಿಮ್ಮ ಕಾಲ ಅಜ್ಜಿ," ಎಂದ ಫೀಲಿಮ್.

ಊನಾಳಿಗೆ ಹೆದರಿಕೆಯಾಯಿತು. ಇವನು ಬಿಟ್ಟರೆ ರೋಸಜ್ಜಿಯ ಪಾಲು ಅಲ್ಲಿಗೇ ಮುಗಿಯಿತು. ಆದರೆ ಬಾಯಿಂದ ಹೊರಟದ್ದು ಬೇರೆ ಮಾತು: "ಸರಿ. ಮೇಲಿಂದು ನೀನು ತಗೋ. ಕೆಳಗಿಂದು ನಾನು ನುಡಿಸ್ತೀನಿ."

"ನಿನಗೆ ಬರಲ್ಲ."

"ಬರೋ ತನಕ ನಿನ್ನ ತಲೆ ತಿಂತೀನಿ."

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಸಣ್ಣ ತಂತಿಯ ಮೇಲೆ ಹಾರಾಡಿ ಬೆಳೆದ ಕಮಾನು ದಪ್ಪ ತಂತಿಯ ಮೇಲೆ ಕೆಸರಿನಲ್ಲಿ ಸಿಕ್ಕ ಗಾಡಿಯಂತೆ ಎಳೆಯಿತು. ಮೀನಿನ ಮಂಜುಗಡ್ಡೆಯಲ್ಲಿ ಮರಗಟ್ಟಿದ ಬೆರಳು ಹೇಳಿದಂತೆ ಕೇಳಲಿಲ್ಲ. ಮೇಲೆ ನುಡಿಸುತ್ತಿದ್ದ ಫೀಲಿಮ್‌ನ ಮಟ್ಟು ಆಸರೆಯಿಲ್ಲದೆ ತೂಗಾಡಿತು. ಅವನೇ ಕೆಳಗೆ ನುಡಿಸುತ್ತಿದ್ದಾಗ ತನ್ನ ಮಟ್ಟು ಹೀಗೆ ತೂಗಾಡಿದ್ದೇ ಇಲ್ಲವೆಂದು ಊನಾಳಿಗೆ ಹೊಳೆಯಿತು. ಫೀಲಿಮ್‌ಗೂ ಏನೋ ಹೊಳೆದಿರಬೇಕು. ಒಂದು ದಿನ ಅವಳು ಕೆಲಸದಿಂದ ಬೇಗ ಬಂದಾಗ, ಮುಚ್ಚಿದ ಬಾಗಿಲ ಒಳಗಿನಿಂದ ದಪ್ಪ ತಂತಿಯ ಧ್ವನಿ ಕೇಳಿಸಿತು. ತಮ್ಮ ಒಬ್ಬನೇ ಮಂದ್ರದ ಪಾಲನ್ನು ನುಡಿಸುತ್ತಿದ್ದ. ಅವಳು ಗೋಡೆಯ ಮರೆಯಲ್ಲಿ ನಿಂತು ಕೇಳಿ, ಆಮೇಲೆ ಅಂಗಳದ ಗೇಟನ್ನು ಬೇಕೆಂದೇ ಸದ್ದುಮಾಡಿ ತೆರೆದಳು. ಒಳಗೆ ಪಿಟೀಲು ನಿಂತಿತು.

ಸ್ಪರ್ಧೆಯ ದಿನ ಸಭಾಂಗಣದ ಬಾಗಿಲಲ್ಲೇ ಹೆರಟಿ ಮೇಷ್ಟ್ರು ತಡೆದರು. ಕಣಿವೆಯ ಮಕ್ಕಳನ್ನು ಪ್ರತಿವರ್ಷ ಕರೆತರುವವರು ಅವರೇ.

"ಇವತ್ತೊಂದು ದಿನ ಇಬ್ರೂ ಮೇಲೆ ನುಡಿಸಿಬಿಡ್ರಮ್ಮ. ಮನೇಲಿ ನಿಮಗೆ ಹೆಂಗೆ ಬೇಕೋ ಹಂಗೆ ನುಡಿಸ್ಕೊಳ್ಳಿ."

"ಚರ್ಚಲ್ಲಿ ಒಂದು ಪ್ರಾರ್ಥನೆ, ಮನೇಲಿ ಇನ್ನೊಂದು ಮಾಡ್ತೀರಾ ಮೇಷ್ಟ್ರೇ?"

"ಮಾಡ್ತೀನಿ ತಾಯಿ. ಮನೇಲಿ ಹೆಂಡ್ತಿ ಇರ್ತಾಳೆ."

ಊನಾ ನಕ್ಕಳು, ಮನಸ್ಸನ್ನು ಮಾತ್ರ ಬದಲಿಸಲಿಲ್ಲ. ಅಕ್ಕತಮ್ಮಂದಿರು ವೇದಿಕೆಯೇರಿ ರೋಸಜ್ಜಿಗೆ ಪ್ರಿಯವಾಗಿದ್ದ, ಕಡಲಪಾಚಿ ಕೊಯ್ಯುವವರ ಕುಣಿತದ ಮಟ್ಟನ್ನು ನುಡಿಸಿದರು. ಮೇಲೆ ಫೀಲಿಮ್, ಕೆಳಗೆ ಊನಾ. ಅವಳ ಕಮಾನು ಒಂದೆರಡು ಕಡೆ ಎಡವಿತು. ಆದರೂ ಮುಂದಿನ ಸಾಲಿನಲ್ಲಿ ಬಿಡ್ಡಿಯ ಊರುಗೋಲು ನೆಲ ಬಡಿಯುವುದನ್ನು ನಿಲ್ಲಿಸಲಿಲ್ಲ.

ತೀರ್ಪುಗಾರರು ಹೊರಗಿನವರು, ನ್ಯಾಯವಂತರು. ಇನ್ನೊಂದು ಜೋಡಿಯೂ ಇವರೂ ಸಮಸಮ ಎಂದು ಹೇಳಿ, ಎರಡನ್ನೂ ಮತ್ತೊಮ್ಮೆ ಕರೆದರು. ಆ ಜೋಡಿ ಅಚ್ಚುಕಟ್ಟಾಗಿ ನುಡಿಸಿ ಇಳಿಯಿತು. ಆಗ ತೀರ್ಪುಗಾರರು ಕನ್ನಡಕ ತೆಗೆದು, ಪ್ರೀತಿಯಿಂದಲೇ, "ಮಕ್ಕಳೇ, ಒಳ್ಳೆ ಕೈ ನಿಮ್ಮದು. ಇಬ್ರೂ ಒಂದೇ ಸ್ಥಾಯೀಲಿ ನುಡಿಸಿದ್ರೆ ನನಗೆ ಯೋಚನೆ ಮಾಡೋ ಕೆಲಸಾನೇ ಇರಲ್ಲ" ಎಂದರು.

ಅದಕ್ಕಿಂತ ಬಿಡಿಸಿ ಹೇಳುವುದು ಏನೂ ಇರಲಿಲ್ಲ. ಗೆಲುವು ಅಂಗೈಯಲ್ಲಿತ್ತು. ಊನಾ ತಮ್ಮನ ಮುಖ ನೋಡಿದಳು. ಈ ಗೆಲುವನ್ನು ಬಯಸಿದವನು ಅವನು. ತನ್ನ ಹಟಕ್ಕೆ ಅವನ ಆಸೆಯನ್ನು ಬಲಿಕೊಡುವ ಹಕ್ಕು ತನಗುಂಟೇ ಎಂದು ಮೊದಲ ಸಲ ಅಳುಕಿದಳು.

"ನೀನು ಹೇಳ್ದಂಗೆ ಮಾಡೋಣ," ಎಂದಳು ಮೆಲ್ಲಗೆ.

ಫೀಲಿಮ್ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. "ನೀನು ಮೇಲೆ ಹೋಗು."

"ನೀನು?"

"ನನ್ನ ಜಾಗ ಬಿಟ್ಟು ಏಳು ಅಂದೆ. ಇದ್ದಲ ಮೂಟೇಲಿ ತಡಕಾಡೋರ ಥರ ನುಡಿಸ್ತೀಯ ನೀನು. ರೋಸಜ್ಜಿ ಕೇಳಿದ್ರೆ ಗೋರಿಯಿಂದ ಎದ್ದು ಬರ್ತಾಳೆ."

ಆಮೇಲೆ ತೀರ್ಪುಗಾರರ ಕಡೆ ತಿರುಗಿ, ಗಟ್ಟಿಯಾಗಿ, "ನಮ್ಮ ಕಡೆ ಹಿಂಗೇ ಸಾರ್ ನುಡಿಸೋದು" ಎಂದ.

ಮಂದ್ರದ ಪಿಟೀಲು ಅಂದು ಮರೆಯಲ್ಲಿ ನಿಲ್ಲಲಿಲ್ಲ. ಫೀಲಿಮ್ ಕಮಾನನ್ನು ತಂತಿಗೆ ಒತ್ತಿ ಎಳೆದಾಗ ಹಲಗೆಯ ನೆಲ ನಡುಗಿತು. ಅದರ ಮೇಲೆ ಊನಾಳ ಮಟ್ಟು ಹೆದರಿಕೆಯಿಲ್ಲದೆ ಹಾರಿತು. ಹಿಂದಿನ ಸಾಲಿನ ಮುದುಕರಿಬ್ಬರು ಕುರ್ಚಿ ಸರಿಸಿ ಎದ್ದು ಕುಣಿಯತೊಡಗಿದರು. ಕುಳಿತುಕೊಳ್ಳಿರೆಂದು ಹೆರಟಿ ಮೇಷ್ಟ್ರು ಸನ್ನೆಮಾಡುತ್ತಿದ್ದರೂ ಸ್ವತಃ ಅವರದೇ ಬೂಟಿನ ತುದಿ ಮಾತ್ರ ತಾಳಕ್ಕೆ ಸೇರಿಹೋಗಿತ್ತು.

ಬಹುಮಾನ ಇನ್ನೊಂದು ಜೋಡಿಗೆ ಹೋಯಿತು. ಊನಾ ಎದ್ದು ಹೋಗಿ ಅವರ ಕೈಕುಲುಕಿದಳು. ಹೊರಗೆ ಸೈಕಲ್ಲಿಗೆ ಒರಗಿ ನಿಂತಿದ್ದ ಅಂಚೆಯ ಮ್ಯಾನಸ್‌ನನ್ನು ಫೀಲಿಮ್ ಕೇಳಿದ: "ಈ ಸಲ ಕೇಳಿಸ್ತಾ?"

"ಕೇಳಿಸ್ತು ಮಾರಾಯ. ಕಟ್ಟಿಸಿಕೊಂಡ ಹಲ್ಲು ಅಲ್ಲಾಡ್ತಾ ಇದೆ."

ಅಂದಿನಿಂದ ವರ್ಷವರ್ಷವೂ ಅವರು ಆ ಸ್ಪರ್ಧೆಗೆ ಹೋಗುತ್ತಾರೆ, ಅದೇ ರೀತಿ ನುಡಿಸುತ್ತಾರೆ, ಬರಿಗೈಯಲ್ಲಿ ಬರುತ್ತಾರೆ. ಹೋಗುವುದನ್ನು ಬಿಟ್ಟಿಲ್ಲ, ಬಾಗುವುದನ್ನು ಕಲಿತಿಲ್ಲ. ಇತ್ತೀಚೆಗೆ ಕಣಿವೆಯ ಮಕ್ಕಳು ಕೆಲವರು ಅವರ ಅಡುಗೆಮನೆಗೆ ಬಂದು, ಮಂದ್ರದ ಪಾಲು ತಮಗೇ ಬೇಕೆಂದು ಜಗಳವಾಡುತ್ತಾರೆ.

ದೇವರು ಊನಾಳ ಬೆರಳುಗಳನ್ನು ಬೆಚ್ಚಗಿಡಲಿ. ಫೀಲಿಮ್‌ನ ದಪ್ಪ ತಂತಿ ಸಡಿಲದಿರಲಿ. ಬಿಡ್ಡಿಯ ಊರುಗೋಲು ಇನ್ನೂ ಬಹುಕಾಲ ತಾಳ ತಪ್ಪದಿರಲಿ. ಬಾಗಿಲ ಮೇಲೆ ಕಟ್ಟಿದ ಸಂತ ಬ್ರಿಜಿಡಳ ಜೊಂಡುಹುಲ್ಲಿನ ಶಿಲುಬೆ ಆ ಮನೆಯನ್ನು ಕಾಯಲಿ. ಆ ಒಲೆಯ ಕೆಂಡ ಆರದಿರಲಿ. ಆ ಮನೆಯ ಕಲ್ಲುಹಾಸು ಕುಣಿಯುವ ಕಾಲುಗಳಿಗೆ ಎಂದೆಂದೂ ನೆಲವಾಗಿರಲಿ.