ಬೆಂಕಿಪೊಟ್ಟಣದಲ್ಲಿಟ್ಟ ಹೆಡ್‌ಲೈಟ್

ಅಪ್ಪನಿಗೆ ಕಣ್ಣು ಕಾಣುತ್ತಿಲ್ಲ ಅಂತ ನನಗೆ ಹೇಳಿದ್ದು ಡಾಕ್ಟರಲ್ಲ, ಒಂದು ಪ್ಲಾಸ್ಟಿಕ್ ಕಾರು. ಅಪ್ಪ ಆಗ ದೆಹಲಿಯ ಒಂದು ಸರ್ಕಾರಿ ಆಫೀಸಿನಲ್ಲಿ ಡ್ರೈವರ್. ಬಿಳಿ ಕಾರಿನಲ್ಲಿ ಸಾಹೇಬರನ್ನು ಆಫೀಸಿಗೂ ಅವರ ಮಗಳನ್ನು ಸ್ಕೂಲಿಗೂ ಬಿಡುವುದು ಅವರ ದಿನಚರಿ. ಅಂಥವರಿಗೆ ಕಣ್ಣು ಹೋದರೆ ಏನಾಗಬಹುದು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ನಾವಿದ್ದದ್ದು ಕಿದ್ವಾಯಿ ನಗರದ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ. ನಾನು ಬಿ.ಕಾಂ. ಎರಡನೇ ವರ್ಷ. ಓದಿಗಿಂತ ಪ್ಲಾಸ್ಟಿಕ್ ಮಾಡೆಲ್ ಕಟ್ಟುವ ಹುಚ್ಚೇ ಜಾಸ್ತಿ. ಯಾರೂ ಕಲಿಸಿದ್ದಲ್ಲ, ಕೆಡಿಸಿ ಕೆಡಿಸಿ ಕಲಿತದ್ದು. ದರಿಯಾಗಂಜಿನ ಭಾನುವಾರದ ಬಜಾರಿನಲ್ಲಿ ಹಳೇ ಪುಸ್ತಕಗಳ ರಾಶಿಯ ಕೆಳಗೆ ಆ ಡಬ್ಬ ಸಿಕ್ಕಿತ್ತು. ಮೇಲೆ ಒಂದು ವಿಂಟೇಜ್ ಕಾರಿನ ಚಿತ್ರ: ಉದ್ದ ಬಾನೆಟ್ಟು, ಕಡ್ಡಿ ಚಕ್ರ, ಮಡಚುವ ಟಾಪು. ಒಳಗೆ ಚೂರುಗಳೆಲ್ಲ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡು ಹಾಗೇ ಇದ್ದವು. ಯಾವುದನ್ನು ಎಲ್ಲಿ ಕೂರಿಸಬೇಕು ಅಂತ ತೋರಿಸುವ ಹಾಳೆ ಮಾತ್ರ ಇರಲಿಲ್ಲ.

ಮನೆಗೆ ತಂದು ಬಾಲ್ಕನಿಯಲ್ಲಿ ಹರಡಿದೆ. ಅಪ್ಪ ಡಬ್ಬವನ್ನು ಕೈಗೆತ್ತಿಕೊಂಡು ಮುಖದ ಹತ್ತಿರ ಹಿಡಿದು ನೋಡಿದರು.

"ಅಯ್ಯೋ, ಇದು ಡಾಕ್ಟರ ಕಾರು ಕಣೋ!"

ಮದುವೆಗೆ ಮುಂಚೆ ಅಪ್ಪ ಮೈಸೂರಿನಲ್ಲಿ ಒಬ್ಬ ಡಾಕ್ಟರ ಮನೆಯಲ್ಲಿ ಕಾರು ತೊಳೆಯುತ್ತಿದ್ದರಂತೆ. ಇದೇ ಥರದ್ದು, ಮರೂನ್ ಬಣ್ಣ, ಕಪ್ಪು ಮಡ್‌ಗಾರ್ಡು. ಸ್ಟೀರಿಂಗ್ ಮೊದಲು ಹಿಡಿದದ್ದೂ ಅದರಲ್ಲೇ. ಕಳೆದುಹೋದ ಹಾಳೆಯ ಜಾಗದಲ್ಲಿ ನನಗೆ ಅಪ್ಪ ಸಿಕ್ಕಿದರು.

ಆಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಬಾಲ್ಕನಿಯೇ ನಮ್ಮ ವರ್ಕ್‌ಶಾಪು. ನಾನು ನೇಲ್ ಕಟರಿನಿಂದ ಒಂದೊಂದೇ ಚೂರು ಕತ್ತರಿಸಿ, ಅಮ್ಮನ ಉಗುರು ಉಜ್ಜುವ ಪಟ್ಟಿಯಲ್ಲಿ ಅಂಚು ನಯ ಮಾಡಿ ಅಪ್ಪನ ಅಂಗೈಗೆ ಹಾಕುವುದು. ಅವರು ಬೆರಳಲ್ಲಿ ತಿರುಗಿಸಿ, ಬೀದಿ ಕಡೆ ನೋಡುತ್ತಲೇ ಹೇಳುವುದು. "ಇದು ಹಿಂದಿನ ಪಟ್ಟಿ ಸ್ಪ್ರಿಂಗು. ಇದು ಸ್ಟೆಪ್ನಿ ಕೂರೋ ಕೊಂಡಿ. ಹೆಡ್‌ಲೈಟ್ ಮಡ್‌ಗಾರ್ಡ್ ಮೇಲೆ ಅಂಟಿಸ್ಬೇಡ. ರೇಡಿಯೇಟರ್ ಮುಂದೆ ಅಡ್ಡ ಕಂಬಿ ಬರತ್ತೆ ನೋಡು, ಅದರ ಎರಡು ತುದೀಲಿ."

ಅಮ್ಮ ಹಸಿ ಬಟಾಣಿ ಬಿಡಿಸುತ್ತಾ ಬಾಗಿಲಲ್ಲಿ ಕೂತು ರೇಗಿಸುತ್ತಿದ್ದಳು. "ಅಪ್ಪ ಮಗ ಇಬ್ರೂ ಗೊಂಬೆ ಆಟ ಆಡ್ಕೊಂಡಿರಿ. ಗ್ಯಾಸಿನ ಭಯ್ಯಾ ಸಿಲಿಂಡರ್ ತಂದ್ರೆ ನಾನೇ ಎತ್ತಿಡ್ತೀನಿ."

"ನೋಡದೇನೇ ಹೇಳ್ತಾರೆ ಅಮ್ಮ! ಗಜಬ್!" ಅಂದೆ ನಾನು.

ನನ್ನ ದಡ್ಡತನ ಅಲ್ಲೇ ಶುರುವಾದದ್ದು. ನೋಡದೆ ಹೇಳುವುದನ್ನು ನಾನು ಕಸುಬು ಅಂದುಕೊಂಡೆ.

ಮುಂದಿನ ಗಾಜನ್ನು ಕ್ವಿಕ್ ಗ್ಲೂ ಹಾಕಿ ಅಂಟಿಸಿದೆ. ಹಾಗೆ ಮಾಡಬಾರದು. ಆ ಗೋಂದಿನ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳೀ ಮಂಜಿನ ಹಾಗೆ ಕೂತುಬಿಡುತ್ತದೆ. ಟೂತ್‌ಪೇಸ್ಟ್ ಹಚ್ಚಿ, ಹಳೇ ಬನಿಯನ್ ತುಂಡಿನಲ್ಲಿ ಒಂದು ಗಂಟೆ ತಿಕ್ಕಿ ಕನ್ನಡಿ ಹಾಗೆ ಮಾಡಿ ಅಪ್ಪನ ಕೈಗೆ ಕೊಟ್ಟೆ.

"ಇನ್ನೂ ಮಬ್ಬಿದೆಯಲ್ಲೋ."

ಮತ್ತೆ ತಿಕ್ಕಿದೆ. "ಸ್ವಲ್ಪ ಇದೆ ಇನ್ನೂ." ಮೂರನೇ ಸಲ ತಿಕ್ಕುವಾಗ ಗಾಜಿನ ಮೂಲೆಯೇ ಮುರಿಯಿತು. ಡಾಕ್ಟರ ಕಾರು ತೊಳೆದ ಕೈ, ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ ಅಂತ ನನಗೆ ಹೆಮ್ಮೆ ಬೇರೆ.

ಬಣ್ಣಕ್ಕೆ ಥಿನ್ನರನ್ನು ಹನಿ ಹನಿಯಾಗಿ ಬಿಡಬೇಕಿತ್ತು. ಡ್ರಾಪರ್ ಹುಡುಕುತ್ತಾ ಅಪ್ಪನ ಯೂನಿಫಾರ್ಮ್ ಜೇಬಿಗೆ ಕೈ ಹಾಕಿದರೆ ಕಣ್ಣಿನ ಔಷಧಿಯ ಒಂದು ಪುಟ್ಟ ಬಾಟಲಿ. ಅಪ್ಪ ಕಸಿದುಕೊಂಡರು. "ಧೂಳಿಗೆ ಹಾಕ್ಕೊಳ್ಳೋದು ಅದು. ದಿಲ್ಲಿ ಧೂಳು ನಿಂಗೊತ್ತಲ್ಲ." ಗೊತ್ತು. ಬಿಟ್ಟುಬಿಟ್ಟೆ.

ಆ ದಿನಗಳಲ್ಲೇ ಅಪ್ಪ ಸ್ನಾನ ಮಾಡುವಾಗ ಏನೋ ಜಪಿಸುತ್ತಿದ್ದರು. ಬಾಗಿಲ ಹೊರಗೆ ನಿಂತರೆ ಕೇಳಿಸುತ್ತಿತ್ತು: "ಇ... ಎಫ್ ಪಿ... ಟಿ ಓ ಝಡ್..." ಅಮ್ಮ ನಗುತ್ತಿದ್ದಳು, "ರಿಟೈರಾಗೋ ಟೈಮಲ್ಲಿ ನಿಮ್ಮಪ್ಪ ಇಂಗ್ಲಿಷ್ ಕಲೀತಿದಾರೆ ಕಣೋ!" ಆಫೀಸಿನ ಡ್ರೈವರುಗಳಿಗೆ ಕಣ್ಣಿನ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಗೋಡೆಯ ಮೇಲಿನ ಅಕ್ಷರ ಓದಬೇಕು. ಅಪ್ಪ ಆ ಚಾರ್ಟನ್ನು ಬಾಯಿಪಾಠ ಮಾಡುತ್ತಿದ್ದರು. ಅದು ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಹೆಡ್‌ಲೈಟಿನಿಂದ. ಒಂದು ಶನಿವಾರ ಎರಡನ್ನೂ ಕಂಬಿಗೆ ಅಂಟಿಸಿ ಒಣಗಲು ಬಿಟ್ಟಿದ್ದೆ. ಭಾನುವಾರ ಬೆಳಿಗ್ಗೆ ನೋಡಿದರೆ ಒಂದು ಉದುರಿ ಎಲ್ಲೋ ಹೋಗಿತ್ತು. ನಾನು ನೆಲದ ಮೇಲೆ ಹುಡುಕುತ್ತಿರುವಾಗಲೇ ಅಪ್ಪ ಬಂದು ಕಾರನ್ನು ಎತ್ತಿಕೊಂಡರು, ಮೂತಿಯನ್ನು ತಮ್ಮ ಕಡೆ ತಿರುಗಿಸಿದರು.

"ಭೇಷ್. ಎರಡೂ ಲೈಟು ಸರಿಯಾಗಿ ಕೂತಿದಾವೆ."

ಅವರ ಬಲಗಡೆಗೆ ಲೈಟೇ ಇರಲಿಲ್ಲ. ಬೋಳು ಕಂಬಿ, ಅದರ ಮೇಲೊಂದು ಗೋಂದಿನ ಚುಕ್ಕೆ.

ಅಪ್ಪ ಒಳಗೆ ಹೋದ ಮೇಲೆ ಲೈಟು ಸಿಕ್ಕಿತು, ಹೂಕುಂಡದ ಹಿಂದೆ, ಮಸೂರ್ ಬೇಳೆಯಷ್ಟು. ಅಂಟಿಸುವುದು ಎರಡು ನಿಮಿಷದ ಕೆಲಸ. ನಾನು ಅಂಟಿಸಲಿಲ್ಲ. ಬೆಂಕಿಪೊಟ್ಟಣದಲ್ಲಿ ಹಾಕಿ ಜೇಬಿನಲ್ಲಿಟ್ಟುಕೊಂಡೆ. ಅವತ್ತಿನಿಂದ ದಿನಾ ಏನಾದರೂ ನೆಪ ತೆಗೆದು ಕಾರನ್ನು ಅಪ್ಪನ ಕೈಗೆ ಕೊಟ್ಟೆ. ಬಾನೆಟ್ ನೋಡಿ, ಬಣ್ಣ ನೋಡಿ, ಕಂಬಿ ನೇರ ಇದೆಯಾ ನೋಡಿ. ಎಂಟು ದಿನ. ಎಂಟು ದಿನವೂ ಅವರಿಗೆ ಎರಡು ಲೈಟು ಇದ್ದವು. ಟೀ ಲೋಟವನ್ನು ಅವರ ಬಲಗಡೆ ಇಟ್ಟೆ, ಮೊಣಕೈ ತಾಗಿ ಉರುಳಿತು. ನಮ್ಮ ರಸ್ತೆಯಲ್ಲಿ ಹಿಂದಿಕ್ಕುವವರು ಬರುವುದು ಬಲಗಡೆಯಿಂದ. ಕಾಲೇಜಿನಲ್ಲಿ ಕೂತರೂ ನನಗೆ ಬ್ರೇಕಿನ ಸದ್ದೇ ಕೇಳಿಸುತ್ತಿತ್ತು.

ಮುಂದಿನ ಭಾನುವಾರ ಬಾಲ್ಕನಿಯಲ್ಲಿ ಬಾಯಿಬಿಟ್ಟೆ. ಅವರ ಕಣ್ಣಿನ ಪರೀಕ್ಷೆ ಮಂಗಳವಾರ ಇತ್ತು.

"ಅಪ್ಪ, ಬಲಗಡೆ ಲೈಟು ಇಲ್ಲ."

ಅವರು ಬೆರಳು ಆಡಿಸಿದರು. ಬೆರಳು ಬೋಳು ಕಂಬಿಯ ಮೇಲೆ ನಿಂತಿತು.

"ಈಗ ಬಿದ್ದಿರ್ಬೇಕು."

"ಇಲ್ಲ ಅಪ್ಪ."

ಕೆಳಗೆ ಸಬ್ಜಿವಾಲಾ ಕೂಗಿಕೊಂಡು ಹೋದ.

"ಕಣ್ಣೊಳಗೆ ಪ್ರೆಶರ್ ಅಂತೆ," ಅಂದರು ಆಮೇಲೆ. "ಬಲಗಣ್ಣು ಆಗ್ಲೇ ಹೋಗಿದೆ. ಎಡಗಣ್ಣಲ್ಲಿ ನೇರ ಇದ್ದದ್ದು ಕಾಣತ್ತೆ, ಪಕ್ಕದ್ದು ಕಾಣಲ್ಲ. ಹೋಗಿದ್ದು ವಾಪಸ್ ಬರಲ್ಲವಂತೆ. ನಿಮ್ಮಮ್ಮಂಗೆ ಹೇಳ್ಬೇಡ."

"ಮತ್ತೆ ಗಾಡಿ?"

"ಇಪ್ಪತ್ತೆಂಟು ವರ್ಷ ಆಯ್ತು ಓಡಿಸಿ. ಒಂದು ಗೀರು ಬಿದ್ದಿಲ್ಲ. ದಾರಿ ಕೈಗೇ ಗೊತ್ತು."

"ಹಿಂದಿನ ಸೀಟಲ್ಲಿ ಆ ಮಗು ಕೂತಿರತ್ತಲ್ಲ ಅಪ್ಪ."

"ಸ್ಟೀರಿಂಗ್ ಕಿತ್ಕೊಂಡು ನನ್ನ ಮೂಲೇಲಿ ಕೂರಿಸ್ತಾರೆ ಕಣೋ. ಲಕೋಟೆಗೆ ಮೊಹರು ಹಾಕ್ಕೊಂಡು ಇರಬೇಕು ನಾನು. ಅದು ಬೇಕಾ ನಿಂಗೆ?"

ನನಗೆ ಬೇಕಿರಲಿಲ್ಲ. ಆದರೂ ಹೇಳಿದೆ. "ನೀವು ಹೇಳದೆ ಇದ್ರೆ ನಾನೇ ಸಾಹೇಬರ ಮನೆಗೆ ಹೋಗಿ ಹೇಳ್ತೀನಿ."

ಅಪ್ಪ ಕಾರನ್ನು ಕೆಳಗಿಟ್ಟು ಎದ್ದು ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಸೋಮವಾರವೂ ಬಚ್ಚಲಿನಿಂದ ಅದೇ ಜಪ ಕೇಳಿಸಿತು. ಆ ದಿನವೂ ಗಾಡಿ ಓಡಿಸಿದರು, ನಾನು ತಡೆಯಲಿಲ್ಲ. ಸಂಜೆ ಅವರ ಚಪ್ಪಲಿ ಸದ್ದು ಕೇಳುವ ತನಕ ಬಾಲ್ಕನಿ ಬಿಟ್ಟು ಕದಲಲಿಲ್ಲ.

ಮಂಗಳವಾರ ಮಧ್ಯಾಹ್ನವೇ ಮನೆಗೆ ಬಂದರು. ಅಮ್ಮ ನೀರು ಕೊಟ್ಟಳು.

"ಫೇಲ್ ಆದೆ," ಅಂದರು. "ಚಾರ್ಟ್ ಬದಲಾಯಿಸಿಬಿಟ್ಟಿದಾರೆ. ಗೊತ್ತಿದ್ದದ್ದು ಒಂದೂ ಬರಲಿಲ್ಲ."

ಅಮ್ಮನಿಗೆ ಎಲ್ಲ ಗೊತ್ತಾದದ್ದು ಆಗಲೇ. ಅವಳು ಕೂಗಾಡಲಿಲ್ಲ. ಅಪ್ಪನ ಎಡಗಡೆ ಬಂದು ಕೂತಳು, ಅಷ್ಟೆ.

ಸಂಜೆ ಅಪ್ಪನ ಜೊತೆಯ ಡ್ರೈವರ್ ಅಂಕಲ್ ಬಂದರು, ಹರಿಯಾಣದವರು. ಸರ್ಕಾರಿ ಗಾಡಿಯಲ್ಲಿ ಅಪ್ಪ ಇಟ್ಟುಕೊಂಡಿದ್ದ ಸೀಟಿನ ದಿಂಬು, ಟಿಫಿನ್ ಡಬ್ಬಿ, ಒಂದು ಜೊತೆ ಹಳೇ ಗ್ಲೌಸು, ಎಲ್ಲವನ್ನೂ ಚೀಲದಲ್ಲಿ ಹಾಕಿ ತಂದಿದ್ದರು. ಮೆಟ್ಟಿಲವರೆಗೆ ಬಿಡಲು ಹೋದಾಗ ಕೇಳಿದೆ, ಹೊಸ ಚಾರ್ಟ್ ಅಷ್ಟು ಕಷ್ಟ ಇತ್ತಾ ಅಂಕಲ್?

"ಕೌನ್‌ಸಾ ನಯಾ ಚಾರ್ಟ್, ಬೇಟಾ?" ಅಂದರು ಅವರು. "ವಹೀ ಪುರಾನಾ ಥಾ." ಯಾವ ಹೊಸ ಚಾರ್ಟು, ಅದೇ ಹಳೇದೇ ಇತ್ತು ಅಂತ. ಅವರ ಹಿಂದೆಯೇ ಅಪ್ಪ ಹೋಗಿದ್ದರಂತೆ. ಎಡಗಣ್ಣಲ್ಲಿ ಓದಿದರಂತೆ. ಎಡಗಣ್ಣು ಮುಚ್ಚಿದಾಗ, ಸಾಬ್, ಕುಛ್ ನಹೀ ದಿಖ್ತಾ, ಏನೂ ಕಾಣಲ್ಲ ಅಂತ ತಾವೇ ಹೇಳಿದರಂತೆ.

ಮೇಲೆ ಬಂದೆ. ಅಪ್ಪ ಬಾಲ್ಕನಿಯಲ್ಲಿ ಕೂತಿದ್ದರು, ಯೂನಿಫಾರ್ಮನ್ನು ಇನ್ನೂ ಬಿಚ್ಚಿರಲಿಲ್ಲ. ಕಾರು ಅವರ ಮುಂದೆಯೇ ಇತ್ತು. ನನಗೆ ಅವರ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಅವರ ಅಂಗೈಗೆ ಲೈಟನ್ನು ಹಾಕಿದೆ, ಮೊದಲೆಲ್ಲ ಹಾಕುತ್ತಿದ್ದ ಹಾಗೆ.

ಬೆರಳಲ್ಲಿ ತಿರುಗಿಸಿ ನೋಡಿದರು. "ಎಲ್ಲಿ ಸಿಕ್ತು?"

"ಹೂಕುಂಡದ ಹಿಂದೆ."

"ಯಾವಾಗ?"

ಸುಳ್ಳು ಹೇಳಬಹುದಿತ್ತು. "ಬಿದ್ದ ದಿನಾನೇ. ಆಚೆ ಭಾನುವಾರ."

ಅಪ್ಪ ತಲೆ ಪೂರ್ತಿ ತಿರುಗಿಸಿ ನನ್ನ ಕಡೆ ನೋಡಿದರು. ನಾನು ನಿಂತಿದ್ದದ್ದು ಅವರ ಬಲಗಡೆ.

"ಅಂದ್ರೆ ಎಂಟು ದಿನ ಇದನ್ನ ಜೇಬಲ್ಲಿಟ್ಕೊಂಡು ನನ್ನ ನೋಡ್ತಾ ಇದ್ಯಾ?"

ಆಫೀಸಿನ ಡಾಕ್ಟರು ಕೂಡ ಅಪ್ಪನನ್ನು ಒಂದೇ ಸಲ ಪರೀಕ್ಷೆ ಮಾಡಿದ್ದು. ನಾನು ದಿನಾ ಮಾಡಿದ್ದೆ.

ಅವರು ಲೈಟನ್ನು ನನ್ನ ಕೈಗೇ ವಾಪಸ್ ಹಾಕಿದರು. "ಅಂಟಿಸ್ಕೋ," ಅಂದು ಒಳಗೆ ಹೋದರು, ಬಾಗಿಲ ಚೌಕಟ್ಟನ್ನು ಕೈಯಿಂದ ಮುಟ್ಟಿಕೊಂಡು. ಅಷ್ಟು ದಿನ ಮುಟ್ಟದೆ ಓಡಾಡಲು ಎಷ್ಟು ಕಷ್ಟಪಟ್ಟಿದ್ದರೋ.

ಆ ಕಾರು ಈಗ ನನ್ನ ಮೇಜಿನ ಮೇಲಿದೆ. ಮರೂನ್ ಬಣ್ಣ ಚೆನ್ನಾಗಿ ಬಂದಿದೆ, ಗಾಜಿನ ಒಂದು ಮೂಲೆ ಇಲ್ಲ. ಅಪ್ಪ ಆಮೇಲೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನಾನಾಗಿಯೇ ಕೊಡುವ ಧೈರ್ಯವೂ ಬರಲಿಲ್ಲ. ಕೊಟ್ಟರೆ ಮತ್ತೆ ಪರೀಕ್ಷೆ ಅಂದುಕೊಂಡಾರು. ಲೈಟು ಬೆಂಕಿಪೊಟ್ಟಣದಲ್ಲೇ ಇದೆ.