ಮಂಡಲ ಮುಗೀಲಿ ಎಂದ ವಸ್ತಾದ್ ಬೋರಪ್ಪ

ಗುಂಡುಕಲ್ಲು ನೆಲಕ್ಕೆ ಬಿದ್ದ ಸದ್ದು ಕೇಳಿದರೆ ಸಾಕು, ವಸ್ತಾದ್ ಬೋರಪ್ಪನವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅರಸೀಕೆರೆಯ ಅರ್ಧ ಊರಿನ ಹುಡುಗರಿಗೆ ಕಲ್ಲು ಎತ್ತುವುದನ್ನೂ ಕುಸ್ತಿ ಹಿಡಿಯುವುದನ್ನೂ ಕಲಿಸಿದ ಗರಡಿಯ ಗುರು ಅವರು. ಬಾಗಿಲು ತುಂಬುವ ಆಳು, ಹುರಿಮೀಸೆ. ಅಂಥವರು ಮಗುವಿನ ಹಾಗೆ ಬೆಚ್ಚುವುದನ್ನು ಕಂಡು ನನಗೆ ಒಳಗೊಳಗೇ ಖುಷಿ. ಹಲ್ಲಿ ಲೊಚಗುಟ್ಟಿದರೂ ಅವ್ವನ ಸೆರಗು ಹುಡುಕುವ ಪುಕ್ಕಲಿ ನಾನು. ನನ್ನಂಥವರು ಊರಲ್ಲಿ ಇನ್ನೊಬ್ಬರು ಇದ್ದಾರಲ್ಲ ಎಂಬ ಸಮಾಧಾನ.

ನಮ್ಮ ಮನೆಗೂ ಗರಡಿಗೂ ಒಂದೇ ಗೋಡೆ. ಹುಡುಗರಿಗೆ ಬೆಳಗಿನ ಸಾಮು ಹಚ್ಚಿಕೊಟ್ಟು ಅವರು ನಮ್ಮ ಜಗಲಿಗೆ ಬಂದು ಕೂರುತ್ತಿದ್ದರು. ಅವ್ವ ಒಂದು ಚೊಂಬು ಮಜ್ಜಿಗೆ ತಂದಿಡುತ್ತಿದ್ದಳು. ಗೋಡೆಯಾಚೆ ಧೊಪ್ಪೆಂದರೆ ಕಣ್ಣು ಮುಚ್ಚಿ, ಕಿವಿಗೊಟ್ಟು, "ಇದು ನಿಮ್ ನಂಜುಂಡ. ಎದೆಗಂಟ ಬಂತು, ಹೆಗಲಿಗೆ ಹೋಗ್ನಿಲ್ಲ" ಎನ್ನುತ್ತಿದ್ದರು. ನಂಜುಂಡ ನನ್ನ ಅಣ್ಣ. ಅವನು ಮನೆಗೆ ಬಂದ ಮೇಲೆ ಕೇಳಿದರೆ ಆದದ್ದು ಹಾಗೆಯೇ ಇರುತ್ತಿತ್ತು.

ಒಮ್ಮೊಮ್ಮೆ ನನ್ನನ್ನು ಗೇಲಿ ಮಾಡುತ್ತಿದ್ದರು. "ಏನವ್ವ ಸಾವಿತ್ರಿ, ನೀನೂ ಬಂದು ನಾಕು ಬಸ್ಕಿ ಹೊಡೀತೀಯಾ?" ಕೇಳಿ ತಾವೇ ಕೆನ್ನೆ ಬಡಿದುಕೊಳ್ಳುವರು. ಹೆಣ್ಣಿನ ಕಾಲು ಗರಡಿಯ ಮಣ್ಣಿಗೆ ತಾಗಿದರೆ ಅದು ಮೈಲಿಗೆ. ಕೆಮ್ಮಣ್ಣನ್ನೆಲ್ಲ ತೋಡಿ ಹೊರಗೆ ಹಾಕಿ, ಹೊಸ ಮಣ್ಣು ತುಂಬಿ, ಹನುಮಪ್ಪನಿಗೆ ಪೂಜೆ ಮಾಡುವ ತನಕ ಯಾರೂ ಕಲ್ಲು ಮುಟ್ಟುವ ಹಾಗಿಲ್ಲ. ಇದು ನನಗೆ ನಡೆಯಲು ಬಂದಾಗಿನಿಂದ ಹೇಳಿಕೊಟ್ಟಿದ್ದ ಪಾಠ.

ಹುಡುಗರಿಗೆ ಅವರು ಹೇಳಿಕೊಡುತ್ತಿದ್ದ ಪಾಠ ಬೇರೆ. "ಮೈ ಸುಳ್ಳು ಹೇಳ್ತದೆ ಕಣ್ರಲಾ. ಆಗಾಕಿಲ್ಲ ಅಂತ ಅದು ಅಂದಾಗ್ಲೇ ಇನ್ನೊಂದು ಹೊಡೀರಿ." ಗೋಡೆಯೀಚೆ ರಾಗಿ ಹಸನು ಮಾಡುತ್ತ ನಾನೂ ಇದನ್ನು ದಿನವೂ ಕೇಳುತ್ತಿದ್ದೆ, ನಂಬಿಯೂ ಇದ್ದೆ.

ಊರಿಗೆ ಹೊಸದಾಗಿ ನಯಾಪೈಸೆ ಬಂದಿದ್ದ ಕಾಲ. ಅಪ್ಪ ತೀರಿಕೊಂಡಿದ್ದರು. ಅಣ್ಣ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ, ಮನೆಗೆ ಅವನೊಬ್ಬನೇ ಆಸರೆ. ಜಾವಗಲ್ಲಿನ ಚಾವಡಿಯ ಮುಂದೆ ಒಂದು ದಪ್ಪ ಗುಂಡು ಬಿದ್ದಿತ್ತು. ಯುಗಾದಿಯ ದಿನ ಅದನ್ನು ಹೆಗಲಿಗೇರಿಸಿದವನಿಗೆ ಪೇಟ ಸುತ್ತಿ ಮರ್ಯಾದೆ ಮಾಡುತ್ತಿದ್ದರು. ಈ ಸಲ ಆ ಪೇಟ ತನ್ನದು ಎಂದು ಅಣ್ಣ ಹಟ ಹಿಡಿದ, ಮಂಡಲ ಹಿಡಿದ. ಮಂಡಲವೆಂದರೆ ಹನುಮಪ್ಪನ ಹೆಸರಲ್ಲಿ ಕೈಗೆ ಕೆಂಪು ದಾರ ಕಟ್ಟಿಸಿಕೊಂಡು, ನಲವತ್ತೆಂಟು ದಿನ ಒಂದು ಹೊತ್ತೂ ತಪ್ಪದೆ ಸಾಮು ಮಾಡುವುದು. ನಡುವೆ ಬಿಟ್ಟರೆ ಮನೆಗೇ ಕೇಡು. ದಾರ ಕಟ್ಟಿದವರು ಬೋರಪ್ಪನವರು. ಅವ್ವ ತುಪ್ಪದ ದೀಪ ಹಚ್ಚಿದಳು.

ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಅಣ್ಣ ನಿದ್ದೆ ಬಿಟ್ಟ. ಎರಡು ಮುದ್ದೆ ಉಣ್ಣುವವನು ಅರ್ಧಕ್ಕೇ ತಟ್ಟೆ ನೂಕತೊಡಗಿದ. ಉಪ್ಪು ಕಡಿಮೆಯಾಯಿತೆಂದು ಒಂದು ದಿನ ತಟ್ಟೆಯನ್ನೇ ಬೀಸಿ ಒಗೆದ. ಹಿಂದೆಂದೂ ನನ್ನ ಮೇಲೆ ದನಿ ಎತ್ತಿದವನಲ್ಲ. ಗೋಡೆಯಾಚೆಯ ಸದ್ದೂ ಬದಲಾಯಿತು. ಎದೆಯ ತನಕ ಬರುತ್ತಿದ್ದ ಕಲ್ಲು ಈಗ ಮೊಣಕಾಲಿನಿಂದಲೇ ಬೀಳುತ್ತಿತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಶಕ್ತಿ ಸಾಲುತ್ತಿಲ್ಲ ಎಂದು ಅಣ್ಣ ಬಸ್ಕಿಯನ್ನು ಇಮ್ಮಡಿ ಮಾಡಿದ. ಕಲ್ಲು ಇಳಿದಷ್ಟೂ ಸಾಮು ಏರಿತು.

ಒಂದು ಬೆಳಿಗ್ಗೆ ಬಚ್ಚಲು ತೊಳೆಯಲು ಹೋದೆ. ಅಣ್ಣ ಆಗಷ್ಟೇ ಅಲ್ಲಿಂದ ಹೊರಗೆ ಬಂದಿದ್ದ. ಕಲ್ಲಿನ ಮೇಲೆ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗಿತ್ತು. ನಮ್ಮ ಮನೆಯಲ್ಲಿ ಕಾಫಿ ಮಾಡುತ್ತಿದ್ದುದು ನೆಂಟರು ಬಂದಾಗ ಮಾತ್ರ. ಅದು ಉಚ್ಚೆಯೆಂದು ತಿಳಿದಾಗ ಅಣ್ಣನನ್ನು ಅಡ್ಡಗಟ್ಟಿ ಕೇಳಿದೆ.

"ಉಷ್ಣ ಕಣೆ, ಬಾಯ್ಮುಚ್ಕೊಂಡಿರು. ಅವ್ವನಿಗೆ ಹೇಳ್ಬೇಡ" ಎಂದ ಅಣ್ಣ. ನಾನು ಹೇಳಿದೆ. ಅವ್ವ ಎಳನೀರು ಕೊಟ್ಟಳು. ಆಸ್ಪತ್ರೆಗೆ ಹೋಗೋಣವೆಂದರೆ, "ಮಂಡಲದ ನಡುವೆ ಮಲಗಿಸಿಬಿಟ್ರೆ ಏನ್ ಗತಿ? ಅಪ್ಪನ್ನ ಕಳ್ಕೊಂಡಿದ್ದು ಸಾಲ್ದಾ?" ಎಂದು ಅತ್ತಳು. ಅವಳ ಹೆದರಿಕೆಯ ಮುಂದೆ ನನ್ನ ಹೆದರಿಕೆ ನಡೆಯಲಿಲ್ಲ.

ಇನ್ನು ಉಳಿದವರು ಬೋರಪ್ಪನವರೊಬ್ಬರೇ. ವಯಸ್ಸಿಗೆ ಬಂದ ಹುಡುಗಿ ಗಂಡಸರ ಮುಂದೆ ಆಡುವ ಮಾತಲ್ಲ ಅದು. ಮಜ್ಜಿಗೆ ಕೊಡುವ ನೆಪದಲ್ಲಿ ಜಗಲಿಗೆ ಹೋಗಿ, ನೆಲ ನೋಡಿಕೊಂಡು ಹೇಳಿಬಿಟ್ಟೆ. "ವಸ್ತಾದ್ರೆ, ಅಣ್ಣಂಗೆ ಉಚ್ಚೆ ಕಪ್ಪಗೆ ಬತ್ತಾ ಐತೆ. ಮುಖಾನೂ ಊದ್ಕೊಂಡೈತೆ. ನೀವು ಹೇಳಿದ್ರೆ ನಿಲ್ಲಿಸ್ತಾನೆ."

ಅವರ ಕೈಯಲ್ಲಿದ್ದ ಚೊಂಬು ಬಾಯಿಗೆ ಹೋಗಲಿಲ್ಲ. ಆಚೆ ಕಲ್ಲು ಬಿತ್ತು. ಅವತ್ತು ಕಣ್ಣು ಮುಚ್ಚದೆ ನನ್ನನ್ನೇ ನೋಡುತ್ತಿದ್ದರು. "ಮಂಡಲ ಮುಗೀಲಿ ಕಣವ್ವ" ಎಂದವರೇ ಮಜ್ಜಿಗೆ ಬಿಟ್ಟು ಎದ್ದುಹೋದರು.

ಮಾರನೆಯ ದಿನ ನಾನು ಮಾಡಿದ್ದು ಯೋಚನೆ ಮಾಡಿಯೇ ಮಾಡಿದ್ದು. ಅಣ್ಣ ಬಿಡುವುದಿಲ್ಲ, ಅವ್ವ ಬಿಡಿಸುವುದಿಲ್ಲ, ವಸ್ತಾದರು ಹೇಳುವುದಿಲ್ಲ. ಗರಡಿಯೇ ಮುಚ್ಚಿದರೆ ಮಂಡಲ ಮುರಿದ ಪಾಪ ಅಣ್ಣನಿಗೆ ಹತ್ತುವುದಿಲ್ಲ, ನನಗೆ ಹತ್ತಲಿ. ಇಷ್ಟು ಲೆಕ್ಕ ಹಾಕಿದ್ದರೂ ಮೊರ ಹಿಡಿದು ಕೂತೇ ಇದ್ದೆ. ಆಚೆ ಕಲ್ಲು ಬಿತ್ತು. ಯಾವಾಗಲೂ ಕೇಳುವ ನಗು, ಬೈಗಳು ಒಂದೂ ಇಲ್ಲ. ಆಮೇಲೆ ಕಲ್ಲನ್ನು ಮತ್ತೆ ಉರುಳಿಸಿಕೊಳ್ಳುವ ಸದ್ದು. ಮೊರ ಬಿಸಾಕಿ ಓಡಿದೆ.

ಗರಡಿಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಹೋಗಬೇಕು. ನಾನೂ ಬಗ್ಗಿ ಒಳಗೆ ಹೋಗಿ ಕೆಮ್ಮಣ್ಣಿನ ನಡುವೆ ನಿಂತೆ. ಅಣ್ಣ ಕುಕ್ಕರುಗಾಲಲ್ಲಿ ಕೂತು ತೊಡೆಯ ಮೇಲೆ ಕಲ್ಲು ಹೊತ್ತಿದ್ದ. ತುಟಿ ಬೂದಿ ಬಣ್ಣ. "ಏಯ್, ಹೆಣ್ಣೆಂಗ್ಸು!" ಎಂದು ಯಾರೋ ಕಿರುಚಿದರು. ಕಲ್ಲು ಜಾರಿ ಅವನ ಪಾದದ ಪಕ್ಕಕ್ಕೆ ಬಿತ್ತು.

ಜಗಲಿಯಲ್ಲಿದ್ದ ಬೋರಪ್ಪನವರು ನನ್ನ ಹಿಂದೆಯೇ ಬಂದಿದ್ದರು. ಹೊಡೆದೇ ಹೊಡೆಯುತ್ತಾರೆಂದು ತಲೆ ತಗ್ಗಿಸಿದೆ. ಅವರು ನನ್ನ ಕಾಲನ್ನೂ ಅಣ್ಣನ ಮುಖವನ್ನೂ ನೋಡಿದರು. ಆಮೇಲೆ ಗರಡಿಯೆಲ್ಲ ನಡುಗುವಂತೆ ಕೂಗಿದರು. "ಮೈಲಿಗೆ ಆಗೋಯ್ತು! ಯಾರೂ ಕಲ್ಲು ಮುಟ್ಬ್ಯಾಡಿ. ಈಚೆ ಬರ್ರಿ ಎಲ್ಲ!"

"ನನ್ ಮಂಡಲ?" ಎಂದ ಅಣ್ಣ.

"ಮುರಿದಿಲ್ಲ ಕಣ್ಲಾ, ನಿಂತೈತೆ. ಹೊಸ ಮಣ್ಣು ಬರಗಂಟ ಮನೇಗೋಗಿ ಮಲೀಕೋ."

ಅವ್ವ ಪೊರಕೆ ತೆಗೆದುಕೊಂಡಳು, ಏಟು ತಿಂದೆ. ಅದರ ಮಾರನೆಯ ದಿನ ಅಣ್ಣನಿಗೆ ಮಂಚದಿಂದ ಏಳಲಾಗದೆ ಆಸ್ಪತ್ರೆಗೆ ಹೊತ್ತುಕೊಂಡೇ ಹೋದರು. ಡಾಕ್ಟರು ಅವ್ವನಿಗೆ, "ಇನ್ನೊಂದು ವಾರ ಕಲ್ಲು ಎತ್ತಿದ್ದರೆ ನನ್ನ ಹತ್ತಿರ ತರಬೇಕಾಗಿರಲಿಲ್ಲ" ಎಂದರಂತೆ. ಮೈ ತಡೆಯುವುದಕ್ಕಿಂತ ಹೆಚ್ಚು ದುಡಿಸಿದರೆ ಮಾಂಸವೇ ಒಡೆದು ಮೂತ್ರಕ್ಕೆ ಸೇರುತ್ತದೆ ಎಂದು ವಿವರಿಸಿದರಂತೆ. ಅವ್ವ ಬಂದು ನನ್ನ ಬೆನ್ನಿಗೆ ಎಣ್ಣೆ ಹಚ್ಚಿದಳು.

ಇತ್ತ ಬೋರಪ್ಪನವರಿಗೆ ಯಾವ ಮಣ್ಣೂ ಒಪ್ಪಿಗೆಯಾಗಲಿಲ್ಲ. ಗಂಡಸಿಯಿಂದ ತಂದದ್ದರಲ್ಲಿ ಮರಳು ಜಾಸ್ತಿ, ಬಿಕ್ಕೋಡಿನದು ಅಂಟು ಜಾಸ್ತಿ. ಯುಗಾದಿ ಕಳೆದೇ ಹೋಯಿತು. ಅಣ್ಣ ಎದ್ದು ಓಡಾಡುವ ಹೊತ್ತಿಗೆ ಹುಡುಗರು, ಹೆಣ್ಣು ತುಳಿದ ಗರಡಿ ಎಂದು ಬೇರೆ ಕಡೆಗೆ ಹೋಗಿದ್ದರು. ಬೋರಪ್ಪನವರು ನನಗೆ ಒಂದು ಮಾತೂ ಅನ್ನಲಿಲ್ಲ. ಬಾಗಿಲಿಗೆ ಬೀಗ ಹಾಕಿ ಬೇಲೂರಿನ ಮಗಳ ಮನೆಗೆ ಹೊರಟುಹೋದರು. ನನ್ನ ಪಾಲಿಗೆ ಅವರು ದೇವರಾದರು. ಎಲ್ಲ ತಿಳಿದೂ ನನ್ನ ಆಟಕ್ಕೆ ಜೊತೆಗೂಡಿ ಅಣ್ಣನನ್ನು ಉಳಿಸಿದವರು ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಕೆಲವು ವರ್ಷಗಳ ಮೇಲೆ ನನಗೆ ಹಳೇಬೀಡಿನ ಶಾಲೆಯಲ್ಲಿ ಕೆಲಸವಾಯಿತು. ಅವರಿಗೆ ಕಾಯಿಲೆಯೆಂದು ಕೇಳಿ ಒಂದು ಭಾನುವಾರ ಬೇಲೂರಿಗೆ ಹೋದೆ. ಚಾಪೆಯ ಮೇಲೆ ಆ ದೊಡ್ಡ ದೇಹ ಅರ್ಧವಾಗಿತ್ತು. ಮಗಳು ನೀರು ತರಲು ಹೊರಗೆ ಹೋದಾಗ ಅವರೇ ಮಾತು ತೆಗೆದರು.

"ನಂಗೊಬ್ಬ ತಮ್ಮ ಇದ್ದ ಕಣವ್ವ. ನನ್ ಕೈಲೇ ದಾರ ಕಟ್ಟಿಸ್ಕೊಂಡು ಮಂಡಲ ಹಿಡಿದಿದ್ದ. ಅವನಿಗೂ ಹಂಗೇ ಬಂತು, ಅದೇ ಬಣ್ಣ. ಮಂಡಲ ಮುಗೀಲಿ ಅಂದೆ. ಮುಗಿಯಾಕೆ ಮುಂಚೆ ಹೋಗ್ಬಿಟ್ಟ."

"ಹಂಗಾದ್ರೆ ನಾನು ಜಗಲೀಲಿ ಬಂದು ಹೇಳಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ತಡೀಲಿಲ್ಲ?"

ಗೋಡೆಯ ಕಡೆಗೆ ಹೊರಳಿದರು. "ನಿಮ್ಮಣ್ಣನ್ನ ತಡೆದಿದ್ರೆ, ನನ್ ತಮ್ಮನ್ನೂ ತಡೀಬಹುದಾಗಿತ್ತು ಅಂತ ಒಪ್ಕೊಂಡಂಗಲ್ವಾ. ಅದಕ್ಕೆ ಹೆದರ್ದೆ. ನೀನು ಒಳಗೆ ಬರ್ದೇ ಇದ್ದಿದ್ರೆ ನಾನು ಬಾಯಿ ಬಿಡ್ತಿರ್ಲಿಲ್ಲ."

ನಾನು ತಂದಿದ್ದ ಬಾಳೆಹಣ್ಣು ಮಡಿಲಲ್ಲೇ ಇತ್ತು. ಅದನ್ನು ಚಾಪೆಯ ಪಕ್ಕದಲ್ಲಿಟ್ಟು ಎದ್ದೆ. ಹೋಗಿ ಬಸ್ಸು ಹತ್ತಿದೆ. ನಾವು ನೆಚ್ಚಿಕೊಂಡಿದ್ದ ಮನುಷ್ಯ ಅಣ್ಣನ ಸಾವನ್ನು ಎದುರಿಗೇ ಕಂಡು ಮಜ್ಜಿಗೆ ಬಿಟ್ಟು ಎದ್ದುಹೋಗಿದ್ದ.

ಅವರು ಬಹಳ ದಿನ ಉಳಿಯಲಿಲ್ಲ. ಅಣ್ಣ ಮೊದಲ ಬಸ್ಸಿಗೇ ಬೇಲೂರಿಗೆ ಬಂದು, ಯಾರು ಬೇಡವೆಂದರೂ ಕೇಳದೆ ಹೆಣಕ್ಕೆ ಹೆಗಲು ಕೊಟ್ಟ. ಎಲ್ಲ ಮುಗಿದ ಮೇಲೆ ನಾವಿಬ್ಬರೂ ಬಸ್ ಸ್ಟಾಂಡಿನಲ್ಲಿ ಕೂತಿದ್ದೆವು.

"ಅವರು ಅವತ್ತು ಗರಡಿ ಮುಚ್ಚದೇ ಇದ್ದಿದ್ರೆ ನಾನು ಉಳೀತಿರ್ಲಿಲ್ಲ ಕಣೆ" ಎಂದು ಅಣ್ಣ ಬಿಕ್ಕಿಬಿಕ್ಕಿ ಅತ್ತ.

ನಾನು ಹೌದು ಎಂದೆ.